ಉಡಿ ತುಂಬಿ ಕಳಿಸಿದವರ ವೋಟು

ಆ ನವೆಂಬರಿನ ಚುನಾವಣೆಯ ಮಂಗಳವಾರ, ಅಮೆರಿಕದ ನಮ್ಮ ಊರು ಹಿಲ್ಸ್‌ಬರೋದ ಪ್ರಾಥಮಿಕ ಶಾಲೆಯ ಜಿಮ್ಮಿನಲ್ಲಿ, ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ಹಾಕಿದ್ದ ಉದ್ದನೆಯ ಮೇಜಿನ ಹಿಂದೆ ನಾವು ನಾಲ್ವರು ಕೂತಿದ್ದೆವು. ಎರಡು ಪಕ್ಷಗಳಿಂದ ಇಬ್ಬಿಬ್ಬರು, ಕಾನೂನೇ ಹಾಗೆ. ನಡುವೆ ನಮ್ಮ ಮುಖ್ಯಸ್ಥೆ, ಬದುಕೆಲ್ಲ ಸ್ಕೂಲ್ ಬಸ್ಸು ಓಡಿಸಿ ನಿವೃತ್ತರಾದ ಹಿರಿಯ ಹೆಂಗಸು. ಅವರ ಮಡಿಲಲ್ಲಿ ಅರ್ಧ ಹೆಣೆದ ಹಳದಿ ಸ್ವೆಟರ್ ಇತ್ತು. ಅವರ ಬಲಕ್ಕೆ ಹಾರ್ಡ್‌ವೇರ್ ಅಂಗಡಿ ಮಾರಿ ಮನೆಯಲ್ಲಿ ಬೇಸರ ಹಿಡಿದಿದ್ದ ಒಬ್ಬರು, ಎಡಕ್ಕೆ ದಂತವೈದ್ಯರ ಆಫೀಸಿನಿಂದ ರಜೆ ಹಾಕಿ ಬಂದಿದ್ದ ರಿಸೆಪ್ಷನಿಸ್ಟ್. ತುದಿಯ ಕುರ್ಚಿಯಲ್ಲಿ ನಾನು. ಮತದಾರರ ಸಹಿಪುಸ್ತಕ ನನ್ನ ಮುಂದಿತ್ತು.

ನಮ್ಮೆದುರಿಗೆ, ಸ್ವಲ್ಪ ದೂರದಲ್ಲಿ, ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಒಬ್ಬ ತರುಣ ವಕೀಲ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನು ಚಾಲೆಂಜರ್. ಪ್ರತಿ ಪಕ್ಷವೂ ಮತಗಟ್ಟೆಗೆ ಹೀಗೆ ಒಬ್ಬರನ್ನು ಕಳಿಸಬಹುದು. ಬಂದವರಲ್ಲಿ ಯಾರಿಗಾದರೂ ವೋಟು ಹಾಕುವ ಅರ್ಹತೆ ಇಲ್ಲ ಎಂದು ಅನ್ನಿಸಿದರೆ ಆಕ್ಷೇಪಣೆ ಎತ್ತುವುದು ಅವನ ಕೆಲಸ.

ಆ ವರ್ಷ ನಾನು ಅಲ್ಲಿ ಹೇಗೆ ಬಂದು ಕೂತೆ ಎಂದು ಕೇಳಿದರೆ, ಬೇಸಿಗೆಯಲ್ಲಿ ಬ್ರಿಡ್ಜ್‌ವಾಟರಿನ ನಮ್ಮ ಔಷಧಿ ಕಂಪನಿಯವರು ಇಡೀ ಒಂದು ಮಹಡಿಯನ್ನೇ ಮನೆಗೆ ಕಳಿಸಿದ್ದರು. ನಾನು ಆ ಮಹಡಿಯವಳು. ಮೊದಲ ತಿಂಗಳು ಅಳುತ್ತ ಕೂತೆ. ಎರಡನೇ ತಿಂಗಳು ಕಪಾಟುಗಳನ್ನೆಲ್ಲ ಜೋಡಿಸಿದೆ. ಮೂರನೇ ತಿಂಗಳು ಲೈಬ್ರರಿಯ ಗೋಡೆಯ ಮೇಲೆ 'ಮತಗಟ್ಟೆಗೆ ಜನ ಬೇಕಾಗಿದ್ದಾರೆ' ಎಂಬ ಚೀಟಿ ಕಂಡು ಹೆಸರು ಕೊಟ್ಟೆ. ಒಂದು ಸಂಜೆಯ ತರಬೇತಿಗೂ ಹೋಗಿ ಬಂದೆ. ನಿಜ ಹೇಳಬೇಕೆಂದರೆ ಹಲವು ವರ್ಷಗಳ ಆಫೀಸು-ಮನೆ ಓಡಾಟದಲ್ಲಿ ನನಗೆ ನನ್ನ ಊರಿನ ಮುಖಗಳೇ ಗೊತ್ತಿರಲಿಲ್ಲ. ಆ ದಿನ ಬೆಳಗಿನ ಜಾವದಿಂದಲೇ ನಾಯಿ ಹಿಡಿದುಕೊಂಡು ಬಂದವರು, ಮಗುವನ್ನು ಸೊಂಟದಲ್ಲಿಟ್ಟು ಬಂದವರು, ಆಸ್ಪತ್ರೆಯ ಡ್ಯೂಟಿ ಮುಗಿಸಿ ಕಣ್ಣುಜ್ಜುತ್ತ ಬಂದವರು, ಒಬ್ಬೊಬ್ಬರ ಹೆಸರು ಹುಡುಕಿ ಪುಸ್ತಕ ತಿರುಗಿಸಿ ಸಹಿ ಹಾಕಿಸುವುದರಲ್ಲಿ ನನಗೆ ಮದುವೆಮನೆಯ ಬಾಗಿಲಲ್ಲಿ ಪನ್ನೀರು ಎರಚಿ ಬರಮಾಡಿಕೊಳ್ಳುವವಳ ಸಡಗರ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಒಂದು ಸಣ್ಣ ಮಾತುಕತೆ ನಡೆದಿತ್ತು. ತರುಣ ವಕೀಲ ತನ್ನ ಫೈಲಿನಿಂದ ಒಂದು ಪಟ್ಟಿ ತೆಗೆದು ಮುಖ್ಯಸ್ಥೆಯ ಮುಂದಿಟ್ಟ. ನಮ್ಮ ವಾರ್ಡಿನಲ್ಲಿ ಸಾಲ ಕಟ್ಟಲಾಗದೆ ಬ್ಯಾಂಕಿನವರು ಕೋರ್ಟಿಗೆ ಹಾಕಿದ ಮನೆಗಳ ಪಟ್ಟಿ ಅದು. ಫೋರ್‌ಕ್ಲೋಶರ್ ಎಂಬ ಪದ ಆಗ ಹಾಲು ತರಕಾರಿಯಷ್ಟು ಸಾಮಾನ್ಯವಾಗಿತ್ತು.

"ಈ ವಿಳಾಸಗಳಿಂದ ಬಂದವರನ್ನೆಲ್ಲ ನಾನು ಪ್ರಶ್ನಿಸುತ್ತೇನೆ. ಇವರ ಮನೆ ಹೋಗಿದೆ, ಹಾಗಾಗಿ ಇವರು ಇಲ್ಲಿಯ ನಿವಾಸಿಗಳಲ್ಲ" ಎಂದ.

ಮುಖ್ಯಸ್ಥೆ ಹೆಣಿಗೆ ಕೆಳಗಿಟ್ಟು, ಕನ್ನಡಕ ಏರಿಸಿ, ಚುನಾವಣಾ ಕಚೇರಿ ಕೊಟ್ಟಿದ್ದ ಕೈಪಿಡಿಯ ಹಾಳೆ ತೆಗೆದರು. ಬಸ್ಸಿನಲ್ಲಿ ಗಲಾಟೆ ಮಾಡುವ ಹುಡುಗನಿಗೆ ಹೇಳುವ ಧಾಟಿಯಲ್ಲೇ ಹೇಳಿದರು. "ಕೇಳಪ್ಪ. ಮುಖ ನೋಡಿ ಪ್ರಶ್ನಿಸುವ ಹಾಗಿಲ್ಲ. ಯಾವ ದೇಶದಿಂದ ಬಂದವರು ಅಂತ ಪ್ರಶ್ನಿಸುವ ಹಾಗಿಲ್ಲ. ಯಾವ ಬೀದಿಯಲ್ಲಿದ್ದಾರೆ, ಯಾರಿಗೆ ವೋಟು ಹಾಕಿಯಾರು, ಅದೂ ಇಲ್ಲ. ಬ್ಯಾಂಕಿನ ಜಗಳ ಮನೆಯ ಜೊತೆ. ವೋಟಿನ ಜೊತೆ ಅಲ್ಲ. ಮನೆ ಯಾರದ್ದಾದರೂ ಆಗಲಿ, ಅಲ್ಲಿ ವಾಸ ಇರೋದು ಯಾರು ಅನ್ನೋದಷ್ಟೇ ಲೆಕ್ಕಕ್ಕೆ. ಯಾರಾದರೂ ಊರು ಬಿಟ್ಟು ಹೋಗಿದ್ದಾರೆ ಅಂತ ನಿನಗೆ ಗೊತ್ತಿದ್ದರೆ, ಹೇಗೆ ಗೊತ್ತು ಅಂತ ಬರೆದು ಸಹಿ ಹಾಕಿ ನನಗೆ ಕೊಡು. ಮತದಾರರ ಜೊತೆ ನೀನು ಮಾತಾಡೋ ಹಾಗಿಲ್ಲ. ನನ್ನ ಜೊತೆ ಮಾತ್ರ."

ಅವನು ಕಿವಿ ಕೆಂಪಗೆ ಮಾಡಿಕೊಂಡು ಪಟ್ಟಿಯನ್ನು ಒಳಗಿಟ್ಟ. ಕೆಟ್ಟವನೇನಲ್ಲ. ಯಾರೋ ದೊಡ್ಡವರು ಕೈಗೆ ಪಟ್ಟಿ ಕೊಟ್ಟು ಕಳಿಸಿದ್ದರು, ತಂದಿದ್ದ. ನಾನು ಮನೆಯಿಂದ ಮಾಡಿಕೊಂಡು ಹೋಗಿದ್ದ ಖಾರದ ಅವಲಕ್ಕಿ ಕೊಟ್ಟರೆ ಎರಡು ಸಲ ಹಾಕಿಸಿಕೊಂಡ.

ಹನ್ನೊಂದು ಗಂಟೆಯ ಸುಮಾರಿಗೆ ಜಿಮ್ ಖಾಲಿಯಾಯಿತು. ಆಫೀಸಿಗೆ ಹೋಗುವವರು ಹೋಗಿಯಾಗಿತ್ತು, ಮಧ್ಯಾಹ್ನದವರು ಇನ್ನೂ ಬಂದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಇಬ್ಬರು ಕಾಣಿಸಿಕೊಂಡರು. ಕೋಟಿನ ಕಾಲರ್ ಏರಿಸಿಕೊಂಡ ಅಂಕಲ್, ಅವರ ಹಿಂದೆ ಇಳಕಲ್ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿದ ಆಂಟಿ.

ಇವರಿಬ್ಬರ ವಿಷಯ ಇಲ್ಲಿ ಹೇಳಲೇಬೇಕು. ಧಾರವಾಡದ ಕಡೆಯವರು. ನಮ್ಮ ಸುತ್ತಲ ಕನ್ನಡದವರ ಯಾವ ಸಮಾರಂಭವೇ ಇರಲಿ, ಅಂಕಲ್ ಕೈಗೆ ಮೈಕು ಸಿಕ್ಕರೆ ಊಟ ತಡ ಎಂದು ಅರ್ಥ. ಆಂಟಿ ಮಾಡುವ ಶೇಂಗಾ ಹೋಳಿಗೆ ಸಿಕ್ಕರೆ ತಡವಾದದ್ದು ಯಾರಿಗೂ ನೆನಪಿರುತ್ತಿರಲಿಲ್ಲ. ಆ ಆಗಸ್ಟಿನಲ್ಲಿ ಅವರು ಮಗನಿರುವ ಟೆಕ್ಸಾಸ್‌ಗೆ ಹೊರಟುಹೋಗುತ್ತಾರೆ ಎಂದು ಸುದ್ದಿಯಾಯಿತು. ನಾವು ಸುಮ್ಮನೆ ಕಳಿಸುವ ಜನವೇ? ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಪೂಜೆ ಮಾಡಿಸಿ, ನಲವತ್ತು ಜನ ಕೂತು ಊಟ ಮಾಡಿ, ಅಂಕಲ್‌ಗೆ ಶಾಲು ಹೊದಿಸಿ, ಅವರ ಭಾಷಣ ಕೇಳಿ, ಆಂಟಿಗೆ ಐದು ಜನ ಮುತ್ತೈದೆಯರು ಅವರ ಪದ್ಧತಿಯಂತೆ ಅಕ್ಕಿ, ಕೊಬ್ಬರಿ, ರವಿಕೆಯ ಕಣ ಇಟ್ಟು ಉಡಿ ತುಂಬಿದ್ದೆವು. ಆ ಐವರಲ್ಲಿ ನಾನೂ ಒಬ್ಬಳು. ಎಲ್ಲರೂ ಅತ್ತಿದ್ದೂ ಆಗಿತ್ತು.

ಅಂಥವರು ನವೆಂಬರಿನಲ್ಲಿ ನನ್ನ ಮೇಜಿನೆದುರು ಬಂದು ನಿಂತರೆ? ನನ್ನ ಅಜ್ಜಿ, ನಾನು ಚಿಕ್ಕವಳಿದ್ದಾಗ ಪಕ್ಕದ ರಾಜ್ಯದ ಫ್ಲಶಿಂಗಿನ ಎರಡು ಕೋಣೆಯ ಮನೆಯಲ್ಲಿ ಕೂರಿಸಿಕೊಂಡು ಕನ್ನಡ ಕಲಿಸಿದವಳು, ಮಾತಿನ ಜೊತೆ ಒಂದು ಬುದ್ಧಿಯನ್ನೂ ಹೇಳಿದ್ದಳು: ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಾತು ಕಲಿತೆ. ಬುದ್ಧಿ ಕಲಿಯಲಿಲ್ಲ. ಎದ್ದು ನಿಂತು, ಜಿಮ್ಮಿನ ಗೋಡೆಗೆ ಬಡಿದು ವಾಪಸು ಬರುವಷ್ಟು ಜೋರಾಗಿ ಕೂಗಿದೆ.

"ಅಯ್ಯೋ ಆಂಟಿ! ನೀವು ಆಗಸ್ಟಲ್ಲೇ ಟೆಕ್ಸಾಸ್‌ಗೆ ಮೂವ್ ಆಗಿಬಿಟ್ರಿ ಅಂದ್ಕೊಂಡಿದ್ನಲ್ಲ! ಫೇರ್‌ವೆಲ್ ಪಾರ್ಟಿ ಎಲ್ಲ ಮಾಡಿದ್ವಲ್ಲ!"

ನಮ್ಮ ಕನ್ನಡ ಎಂಥದ್ದು ನೋಡಿ. ಆ ಎರಡು ಸಾಲಿನಲ್ಲಿ ಒಬ್ಬ ಅಮೆರಿಕನ್ ವಕೀಲನಿಗೆ ಬೇಕಾದ ಪದಗಳಷ್ಟೂ ಇಂಗ್ಲಿಷಿನಲ್ಲೇ ಇದ್ದವು. ತಿಂಗಳು, ಊರು, ಹೋದದ್ದು, ಬೀಳ್ಕೊಡುಗೆ. ಉಳಿದ ಕನ್ನಡ ಬರೀ ದಾರ.

ತರುಣ ವಕೀಲ ಅವಲಕ್ಕಿಯ ತಟ್ಟೆ ಕೆಳಗಿಟ್ಟು ಎದ್ದ.

ಆಂಟಿ ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಲ್ಲಿ ಚುಚ್ಚುತ್ತದೆ. "ನಿನ್ನ ಬಾಯಾಗ ಸಕ್ಕರಿ ಹಾಕ್ಲಿ" ಎಂದರು ಹಲ್ಲು ಕಚ್ಚಿಕೊಂಡು. "ಇನ್ನೂ ಒಂಚೂರು ಜೋರಾಗಿ ಕೂಗಬೇಕಿತ್ತು ನೋಡು. ಬ್ರಿಡ್ಜ್‌ವಾಟರ್ ಗುಡ್ಯಾಗ ಕೇಳಿಸಿರಲಿಕ್ಕಿಲ್ಲ."

"ಹೋಗಬೇಕಂತನೇ ಮಾಡಿದ್ವಿ ತಂಗಿ" ಎಂದರು ಅಂಕಲ್, ನೆಲ ನೋಡುತ್ತ. ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಊಟ ಆಗಿ ಎರಡು ದಿನಕ್ಕ ನಮ್ಮ ವಕೀಲ್ರು ಫೋನ್ ಮಾಡಿ ಬ್ಯಾಡ ಅಂದ್ರು. ಬ್ಯಾಂಕಿನವರ ಕೇಸು ಕೋರ್ಟಿನ್ಯಾಗ ಮುಗಿಯೂತನಾ ಮನಿ ಬಿಡಬ್ಯಾಡ್ರಿ ಅಂದ್ರು."

ಬ್ಯಾಂಕಿನವರ ಕೇಸು! ನಮಗ್ಯಾರಿಗೂ ಗೊತ್ತಿರಲಿಲ್ಲ. ಮಗನ ಹತ್ತಿರ ಇರುವ ಆಸೆ ಎಂದು ಹೋಳಿಗೆ ತಿನ್ನುತ್ತ ನಂಬಿದ್ದೆವು.

"ಮತ್ತೆ ನಮಗೊಂದು ಮಾತು ಹೇಳೋದಲ್ವಾ ಆಂಟಿ?"

"ಹ್ಯಾಂಗ ಹೇಳೂದು? ಶಾಲು ಹೊಚ್ಚಿಸ್ಕೊಂಡು, ಉಡಿ ತುಂಬಿಸ್ಕೊಂಡು, ನಿಮ್ಮೆಲ್ಲಾರ ಕಡಿಂದ ಅಳಿಸ್ಕೊಂಡು ಬಂದೇವಿ. ಮುಂದಿನ ಐತವಾರ ಮತ್ತ ಅದೇ ಗುಡಿಗೆ ಹೋಗಿ ಪ್ರಸಾದಕ್ಕ ಸಾಲಿನ್ಯಾಗ ನಿಂದ್ರೂದೇನ? 'ಇನ್ನೂ ಹೋಗಿಲ್ಲೇನ್ರಿ' ಅಂತ ನಲವತ್ತು ಮಂದಿ ಕೇಳ್ತಾರ. ಅದಕ್ಕ ಫ್ಲಶಿಂಗ್ ಗುಡಿಗೆ ಹೋಗ್ತೀವಿ, ಎರಡು ಟ್ರೇನ್ ಬದಲಿ ಮಾಡಿ. ಭಾಜಿಪಲ್ಯಾಕ್ಕೂ ನೀವು ಯಾರೂ ಬರಲಾರದ ಅಂಗಡಿ ಹುಡಿಕ್ಕೊಂಡೇವಿ."

ಮೂರು ತಿಂಗಳು! ನಮ್ಮ ಒಂದು ಊಟದ ಮರ್ಯಾದೆಗಾಗಿ ಮೂರು ತಿಂಗಳು ಈ ಇಬ್ಬರು ಸ್ವಂತ ಊರಿನಲ್ಲಿ ತಲೆಮರೆಸಿಕೊಂಡಿದ್ದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆದರೆ ಎರಡಕ್ಕೂ ಪುರಸೊತ್ತಿರಲಿಲ್ಲ. ವಕೀಲ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಮುಖ್ಯಸ್ಥೆಯ ಕೈಗೆ ಕೊಟ್ಟಾಗಿತ್ತು. ಈ ಇಬ್ಬರು ಆಗಸ್ಟಿನಲ್ಲೇ ಬೇರೆ ರಾಜ್ಯಕ್ಕೆ ಹೋಗಿದ್ದಾರೆ. ಮತಗಟ್ಟೆಯ ಸಿಬ್ಬಂದಿಯ ಬಾಯಿಂದಲೇ ಕೇಳಿದೆ ಎಂದು ಅದರಲ್ಲಿತ್ತು.

ಸಿಬ್ಬಂದಿ ಎಂದರೆ ನಾನು.

ಅಂಕಲ್ ಆಂಟಿಯ ತೋಳು ಮುಟ್ಟಿದರು. "ನಡಿ, ಹೋಗೂಣು. ಇದೊಂದು ಆಗದಿದ್ರ ಏನಾತು. ನಾಕು ಮಂದ್ಯಾಗ ಇನ್ನಷ್ಟು ಮಾನ ಹೋಗೂದು ಬ್ಯಾಡ."

ಅವರಿಗೆ ಹಾಗೆ ಅನ್ನಿಸಿದ್ದು ಸಹಜ. ಅವರು ಪೌರತ್ವ ಪಡೆದು ವರ್ಷಗಳಾಗಿದ್ದವು, ಎಷ್ಟೋ ಸಲ ವೋಟು ಹಾಕಿದ್ದರು. ಆಂಟಿಯದು ಹಾಗಲ್ಲ. ಊರಿನಲ್ಲಿ ಅಮ್ಮ ಇರುವ ತನಕ ಅಲ್ಲಿಯ ಪಾಸ್‌ಪೋರ್ಟ್ ಬಿಡುವುದಿಲ್ಲ ಎಂದು ಇಪ್ಪತ್ತು ವರ್ಷ ಕೂತಿದ್ದರು. ಅಮ್ಮ ತೀರಿಕೊಂಡ ಮೇಲೆ ಆ ವಸಂತದಲ್ಲಿ ನ್ಯೂವರ್ಕಿನಲ್ಲಿ ಪೌರತ್ವದ ಪ್ರಮಾಣ ಸ್ವೀಕರಿಸಿದ್ದರು. ಇದು ಅವರ ಮೊದಲ ವೋಟು. ಟೆಕ್ಸಾಸಿನ ವೋಟರ್ ಪಟ್ಟಿಯಲ್ಲಿ ಹೆಸರಿಲ್ಲ, ಇಲ್ಲಿ ಇವತ್ತು ವೋಟು ಹೋದರೆ ಎಲ್ಲಿಯೂ ಇಲ್ಲ. ಅದಕ್ಕಾಗಿಯೇ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಟ್ರಂಕಿನ ತಳದಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದರು.

"ಮಾನ ಹೋಗೂದಿತ್ತು, ಹೋತು" ಎಂದರು ಆಂಟಿ. "ಈಗ ವೋಟೂ ಯಾಕ ಬಿಡ್ಲಿ? ನಾ ಬರಂಗಿಲ್ಲ."

ಮುಖ್ಯಸ್ಥೆ ಇಬ್ಬರನ್ನೂ ಗೋಡೆಯ ಬದಿಗೆ, ಹುಡುಗರು ಹತ್ತುವ ಹಗ್ಗಗಳು ಇಳಿಬಿದ್ದಿದ್ದ ಮೂಲೆಗೆ ಕರೆದರು. ಅಷ್ಟರಲ್ಲಿ ಬಂದ ಒಂದಿಬ್ಬರಿಗೆ ಕೇಳಿಸಬಾರದು ಎಂದು. ನಾನೂ ಹೋದೆ, ವಕೀಲನೂ ಬಂದ. ಮೊದಲ ಪ್ರಶ್ನೆ ನನಗೇ ಬಿತ್ತು.

"ಇವರು ಟೆಕ್ಸಾಸ್‌ಗೆ ಹೋಗಿದ್ದನ್ನ ನೀನು ನೋಡಿದ್ದೀಯಾ?"

"ಇಲ್ಲ."

"ಲಾರಿಗೆ ಸಾಮಾನು ತುಂಬಿದ್ದು?"

"ಇಲ್ಲ."

"ಮತ್ತೆ ಏನು ನೋಡಿದೆ?"

"ಊಟ ಮಾಡಿದೆ" ಎಂದೆ. "ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಚಿತ್ರಾನ್ನ."

ಮುಖ್ಯಸ್ಥೆ ಮೆಲ್ಲಗೆ ವಕೀಲನ ಕಡೆ ತಿರುಗಿದರು. "ನಿನ್ನ ಸಾಕ್ಷಿಗೆ ಗೊತ್ತಿರೋದು ಮೆನು ಮಾತ್ರ."

ಅವನು ಬಿಡಲಿಲ್ಲ. ಹಾಳೆಯಲ್ಲಿ ವಿಳಾಸ ನೋಡಿ, ಫೈಲು ತೆರೆದು, ಈ ಮನೆ ಬೆಳಗಿನ ಪಟ್ಟಿಯಲ್ಲೂ ಇದೆ ಎಂದ. "ಬೆಳಿಗ್ಗೆಯೇ ಹೇಳಿದೆನಲ್ಲ" ಎಂದರು ಮುಖ್ಯಸ್ಥೆ. "ಆದರೂ ಊರು ಬಿಟ್ಟ ಮಾತು ಬಂದಿದೆ, ಕೇಳೋಣ. ನಾನು ಕೇಳ್ತೀನಿ, ನೀನಲ್ಲ." ಆಮೇಲೆ ಆಂಟಿಗೆ, ಪ್ರಮಾಣ ಮಾಡಿ ಉತ್ತರ ಹೇಳಬೇಕು, ಸುಳ್ಳು ಹೇಳಿದರೆ ಅಪರಾಧ, ಒಪ್ಪಿಗೆಯೇ ಎಂದು ವಿವರಿಸಿದರು.

ಆಂಟಿ ತಲೆಯಾಡಿಸಿ, ಬಗ್ಗಿ, ಶೂಗಳ ಲೇಸು ಬಿಚ್ಚತೊಡಗಿದರು.

"ಕಾಲು ನೋವಾ? ಕುರ್ಚಿ ತರಿಸಲಾ?" ಎಂದರು ಮುಖ್ಯಸ್ಥೆ ಗಾಬರಿಯಾಗಿ.

"ಚಪ್ಪಲಿ ಹಾಕ್ಕೊಂಡು ಆಣಿ ಮಾಡಂಗಿಲ್ಲಂತ ಹೇಳು ಆಕಿಗೆ" ಎಂದು ಆಂಟಿ ನನಗೆ ಹೇಳಿದರು. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ನನಗೂ ಒಂದು ಕೆಲಸ ಇರಲಿ ಎಂದು ಕೊಟ್ಟದ್ದು. ಹೇಳಿದೆ. ಜಿಮ್ಮಿನ ಹೊಳೆಯುವ ಮರದ ನೆಲದ ಮೇಲೆ ಬೂದು ಬಣ್ಣದ ಉಣ್ಣೆಯ ಕಾಲುಚೀಲದಲ್ಲಿ ನಿಂತು, ಬಲಗೈ ಎತ್ತಿ ಆಂಟಿ ಪ್ರಮಾಣ ಮಾಡಿದರು. ಅವರನ್ನು ನೋಡಿ ಅಂಕಲ್ ಕೂಡ ಶೂ ಬಿಚ್ಚಿ ಕೈ ಎತ್ತಿದರು.

"ನಿನ್ನೆ ಎಲ್ಲಿ ಮಲಗಿದ್ದಿರಿ?" ಎಂದು ಮುಖ್ಯಸ್ಥೆ ಕೇಳಿದರು.

"ನೆಲದ ಮೇಲೆ" ಎಂದರು ಆಂಟಿ ಇಂಗ್ಲಿಷಿನಲ್ಲಿ.

ಮುಖ್ಯಸ್ಥೆಗೆ ಅರ್ಥವಾಗಲಿಲ್ಲ. "ಯಾವ ನೆಲ?"

"ನನ್ನ ಮನೆಯ ನೆಲ." ಬೀದಿಯ ಹೆಸರು, ಮನೆಯ ನಂಬರು ಹೇಳಿದರು. "ಟೆಕ್ಸಾಸ್‌ಗೆ ಹೋಗುವವರಿದ್ದೆವಲ್ಲ, ಮಂಚ, ಸೋಫಾ, ಡೈನಿಂಗ್ ಟೇಬಲ್ ಎಲ್ಲ ಮಾರಿದೆವು. ಆಮೇಲೆ ಹೋಗಲಿಲ್ಲ. ಕಾರ್ಪೆಟ್ ಇದೆ. ಬೆನ್ನಿಗೆ ಒಳ್ಳೆಯದು. ಚಿಕ್ಕಂದಿನಲ್ಲಿ ನಾವೆಲ್ಲ ಕೆಳಗೇ ಮಲಗಿದವರು."

"ಆಗಸ್ಟಿನಿಂದ ಒಂದು ರಾತ್ರಿಯಾದರೂ ಟೆಕ್ಸಾಸಿನಲ್ಲಿ ಇದ್ದಿರಾ?"

"ಇಲ್ಲ."

"ಮುಂದೆ ಹೋಗುತ್ತೀರಾ?"

ಸುಳ್ಳು ಹೇಳಬಹುದಿತ್ತು. ಮುಂದಿನದನ್ನು ಯಾರು ಕಂಡಿದ್ದಾರೆ? ಆಂಟಿ ಅಂಕಲ್‌ನ ಮುಖ ನೋಡಿದರು. "ಜಡ್ಜ್ ಮನೆ ಬಿಡಿ ಅಂದ ದಿನ ಹೋಗುತ್ತೇವೆ. ಅಲ್ಲಿಯವರೆಗೆ ಇಲ್ಲಿ."

ಅಂಕಲ್ ಲೈಸನ್ಸು ತೆಗೆದರು, ಅಕ್ಟೋಬರಿನ ಕರೆಂಟ್ ಬಿಲ್ಲು ತೆಗೆದರು. ಅದರಲ್ಲೂ ಅದೇ ವಿಳಾಸ. ಮುಖ್ಯಸ್ಥೆ ಅವನ್ನು ವಕೀಲನಿಗೂ ತೋರಿಸಿದರು. ಅವನು ಬಿಲ್ಲು ನೋಡಿದ, ಆಂಟಿಯ ಕಾಲುಚೀಲ ನೋಡಿದ, ಫೈಲು ಮುಚ್ಚಿದ.

ಮುಖ್ಯಸ್ಥೆ ಮೇಜಿಗೆ ವಾಪಸು ಬಂದು ಉಳಿದಿಬ್ಬರಿಗೆ ನಡೆದದ್ದನ್ನು ಹೇಳಿದರು. "ಮುಂದೊಂದು ದಿನ ಹೋಗೋದು, ಹೋಗಿರೋದು, ಎರಡೂ ಒಂದೇ ಅಲ್ಲ. ಇವರಿಗೆ ವೋಟು ಬೇಡ ಅನ್ನೋಕೆ ನಮ್ಮಲ್ಲಿ ಹೆಚ್ಚಿನವರು ಒಪ್ಪಬೇಕು. ಒಪ್ಪುವವರು ಯಾರು?" ಯಾರೂ ಕೈ ಎತ್ತಲಿಲ್ಲ. "ಕೊಡಬೇಕು ಅನ್ನುವವರು?" ಬಲಗಡೆಯ ಹಾರ್ಡ್‌ವೇರ್ ಯಜಮಾನರು, ವಕೀಲನ ಪಕ್ಷದವರೇ, ಎಲ್ಲರಿಗಿಂತ ಮೊದಲು ಕೈ ಎತ್ತಿದರು. ನಾನೂ ಎತ್ತಲು ಹೋದೆ. "ನೀನು ಸಾಕ್ಷಿ, ಸುಮ್ಮನೆ ಕೂತ್ಕೋ" ಎಂದು ಮುಖ್ಯಸ್ಥೆ ಗದರಿದರು. ಮೂರು ಕೈ ಸಾಕಾಯಿತು.

ಪುಸ್ತಕ ತಿರುಗಿಸಿ ಆಂಟಿಯ ಮುಂದಿಟ್ಟೆ. ಆಂಟಿ ಶೂ ಹಾಕಿಕೊಂಡಿರಲಿಲ್ಲ. ಬರಿ ಕಾಲುಚೀಲದಲ್ಲೇ ನಿಂತು, ನಿಧಾನವಾಗಿ, ಒಂದಕ್ಷರವೂ ಗೆರೆ ದಾಟದಂತೆ ಸಹಿ ಹಾಕಿ, ಚೀಟಿ ತೆಗೆದುಕೊಂಡು ಮತಯಂತ್ರದ ಪರದೆಯ ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಪರದೆಯ ಕೆಳಗೆ ಎರಡು ಬೂದು ಕಾಲುಚೀಲ, ಮೇಲೆ ಇಳಕಲ್ಲಿನ ಕೆಂಪು ಅಂಚು ಕಾಣುತ್ತಿದ್ದವು.

"ಎಲ್ಲ ಓದ್ಲಿಕ್ಕತ್ತಾಳ" ಎಂದರು, ತಮ್ಮ ಸಹಿ ಹಾಕಿ ಸರದಿ ಕಾಯುತ್ತಿದ್ದ ಅಂಕಲ್ ನನಗೆ. ಅವರ ದನಿ ವಾಪಸು ಬಂದಿತ್ತು. "ಸ್ಕೂಲ್ ಬೋರ್ಡಿಗೆ ನಿಂತವರ ಹೆಸರನ್ನೂ ಬಿಡಂಗಿಲ್ಲ ಆಕಿ. ನಿನ್ನ ಅವಲಕ್ಕಿ ಉಳದಾವೇನು?"

ಆಂಟಿ ಹೊರಗೆ ಬಂದಾಗ ಮುಖದಲ್ಲಿ ಪರೀಕ್ಷೆ ಬರೆದು ಬಂದ ಹುಡುಗಿಯ ಬೆಳಕಿತ್ತು. ಮುಖ್ಯಸ್ಥೆ ಕೊಟ್ಟ 'ನಾನು ವೋಟು ಹಾಕಿದೆ' ಎಂಬ ಸ್ಟಿಕ್ಕರನ್ನು ಜಾಕೆಟ್ಟಿಗೆ ಅಂಟಿಸಿಕೊಳ್ಳಲಿಲ್ಲ. ಜಾಕೆಟ್ ಬಿಚ್ಚಿ, ಸೀರೆಯ ಸೆರಗಿಗೇ ಅಂಟಿಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದು ಕೆನ್ನೆ ಹಿಂಡಿದರು, ನೋವಾಗುವಷ್ಟು. "ಗುಡ್ಯಾಗ ಹೇಳಿಬಿಡು ಎಲ್ಲಾರಿಗೂ, ಇಲ್ಲೇ ಇದ್ದಾರಂತ. ನೀ ಹೇಳಿದ್ರ ಒಂದು ತಾಸಿನ್ಯಾಗ ಮುಟ್ಟತದ. ಫ್ಲಶಿಂಗಿಗೆ ಹೋಗಿ ಬಂದು ನನ್ನ ಮೊಣಕಾಲು ಹೋಗ್ಯಾವ."

ಹೇಳಿದೆ. ಆ ಶನಿವಾರ ಯಾರೋ ಹಳೆಯ ಮಂಚ ತಂದು ಅವರ ಗ್ಯಾರೇಜಿನಲ್ಲಿಟ್ಟರು, ಇನ್ಯಾರೋ ಒಂದು ಟೇಬಲ್. ಯಾಕೆ ಹೇಳಲಿಲ್ಲ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳಬಾರದೆಂದು ನಾನೇ ನಲವತ್ತು ಜನಕ್ಕೂ ಫೋನ್ ಮಾಡಿದ್ದೆ. ಆ ಚಳಿಗಾಲ ನನಗೆ ಕೆಲಸ ಸಿಗಲಿಲ್ಲ. ಅನೇಕ ಮಧ್ಯಾಹ್ನಗಳನ್ನು ಆಂಟಿಯ ಅಡುಗೆಮನೆಯಲ್ಲಿ ಕಳೆದೆ. ಶೇಂಗಾ ಹೋಳಿಗೆಯ ಹದ ಕಲಿತದ್ದು ಆಗಲೇ.

ಮರುವರ್ಷ ಏಪ್ರಿಲಿನಲ್ಲಿ ಕೋರ್ಟಿನ ತೀರ್ಪು ಬಂತು. ಮನೆ ಬಿಡಬೇಕಾಯಿತು. ಈ ಸಲ ಊಟ ಹಾಕಬೇಡಿ ಎಂದು ಆಂಟಿ ಮೊದಲೇ ತಾಕೀತು ಮಾಡಿದ್ದರು. ಏರ್‌ಪೋರ್ಟಿಗೆ ಬಿಡಲು ನಾನೇ ಡ್ರೈವ್ ಮಾಡಿದೆ. ಹೈವೇ ಹಿಡಿಯುವ ಮೊದಲು ಪೋಸ್ಟ್ ಆಫೀಸಿನ ಮುಂದೆ ಒಂದು ನಿಮಿಷ ನಿಲ್ಲಿಸು ಎಂದರು ಆಂಟಿ. ಇಳಿದು ಹೋಗಿ, ನೀಲಿ ಅಂಚೆಪೆಟ್ಟಿಗೆಗೆ ಒಂದು ಲಕೋಟೆ ಹಾಕಿ ಬಂದು ಕೂತರು. ನಾವು ಈ ಊರು ಬಿಟ್ಟಿದ್ದೇವೆ, ನಮ್ಮಿಬ್ಬರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯಿರಿ ಎಂದು ಕೌಂಟಿಯ ಚುನಾವಣಾ ಕಚೇರಿಗೆ ಬರೆದ ಕಾಗದ ಅದು.